ಮಾತಾಡಲು ನಿಲ್ಲುವ ಅಮ್ಮ

ನಮ್ಮ ತೋಟಕ್ಕೆ ಹೋಗುವ ದಾರಿ ಮನೆಯ ಹಿಂಬದಿಯಿಂದ ಇಳಿಯುತ್ತದೆ. ಹನ್ನೊಂದು ಮುರಕಲ್ಲಿನ ಮೆಟ್ಟಿಲು, ಆಮೇಲೆ ತೋಡು ಎಂಬ ಸಣ್ಣ ಹಳ್ಳ, ತೋಡಿಗೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಸಂಕ ದಾಟಿದರೆ ತೋಟ, ತೋಟದ ತುದಿಯಲ್ಲಿ ನೀರಿಗಾಗಿ ಕೊರೆದ ಸುರಂಗದ ಬಾಯಿ. ಅಮ್ಮ ಈ ದಾರಿಯಲ್ಲಿ ಐವತ್ತು ವರ್ಷ ನಡೆದಿದ್ದಾಳೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ದಿನ ನಾನು ಅವಳ ಹಿಂದೆಯೇ ಇಳಿಯುತ್ತಿದ್ದೆ. ಅಡಿಕೆ ಸುಲಿಯುವವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಅಮ್ಮ ನಿಂತಳು. ತಿರುಗಿ, "ಸೋಮವಾರ ಬರ್ತೇವೆ ಹೇಳಿದ್ದಾರೆ" ಎಂದಳು. ಮತ್ತೆ ನಡೆದಳು. ಸ್ವಲ್ಪ ಮುಂದೆ ಹೋದ ಮೇಲೆ ಇನ್ನೇನೋ ಕೇಳಿದೆ. ಮತ್ತೆ ನಿಂತಳು, ಹೇಳಿದಳು, ನಡೆದಳು. ಅಮ್ಮನಿಗೆ ಈಗ ಮಾತಿನಲ್ಲಿ ಆಸಕ್ತಿ ಜಾಸ್ತಿಯಾಗಿದೆ, ನಿಂತು ಮಾತಾಡುವುದು ಇಷ್ಟ ಅಂತ ನಾನು ಅಂದುಕೊಂಡೆ. ಅದರಾಚೆ ಯೋಚಿಸಲಿಲ್ಲ.

ಆ ಮಳೆಗಾಲದಲ್ಲಿ ಅಮ್ಮ ಮೂರನೇ ಮೆಟ್ಟಿಲಿನಿಂದ ಬಿದ್ದಳು. ಪಾಚಿ ಕಟ್ಟಿತ್ತು, ಹೌದು. ಆದರೆ ಪಾಚಿ ಎಲ್ಲ ವರ್ಷವೂ ಕಟ್ಟುತ್ತದೆ. ಬೀಳುವ ಹೊತ್ತಿಗೆ ದನದ ಹಟ್ಟಿಯ ಬದಿಯಿಂದ ಅತ್ತಿಗೆ ಅವಳನ್ನು ಕರೆದಿದ್ದಳು, ಅಮ್ಮ ಓಗೊಟ್ಟಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು.

ತುಂಬಾ ತಿಂಗಳು ಕಳೆದ ಮೇಲೆ ಒಂದು ಸಂಶೋಧನೆಯ ಬಗ್ಗೆ ಓದಿದೆ. 1997ರಲ್ಲಿ ಸ್ವೀಡನ್ನಿನವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಚಿಕ್ಕ ವರದಿ ಅದು. ವಯಸ್ಸಾದವರಿರುವ ವಸತಿಯಲ್ಲಿ 58 ಮಂದಿಯ ಜೊತೆ ನಡೆಯುತ್ತಾ, ನಡುವೆ ಮಾತು ತೆಗೆದರು. ಅವರಲ್ಲಿ 12 ಮಂದಿ ಉತ್ತರ ಕೊಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12 ಮಂದಿಯಲ್ಲಿ 10 ಮಂದಿ ಬಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಡಿಗೆ ನಮಗೆ ತನ್ನಷ್ಟಕ್ಕೆ ನಡೆಯುವ ಕೆಲಸ. ಕಾಲಿನ ಬಲ, ಮೈಯ ಸಮತೋಲ ಕಡಿಮೆಯಾದಾಗ ಮೆದುಳು ಪ್ರತಿ ಹೆಜ್ಜೆಗೂ ಗಮನ ಕೊಡಬೇಕಾಗುತ್ತದೆ. ಆಗ ಮಾತಿಗೆ ಜಾಗ ಉಳಿಯುವುದಿಲ್ಲ. ಎರಡರಲ್ಲಿ ಒಂದನ್ನು ನಿಲ್ಲಿಸಬೇಕು. ಅಮ್ಮ ಆ ಬೇಸಿಗೆಯಲ್ಲಿ ನಡಿಗೆ ನಿಲ್ಲಿಸುತ್ತಿದ್ದಳು. ಮೆಟ್ಟಿಲಿನ ಮೇಲೆ ನಿಲ್ಲಿಸಲು ಆಗಲಿಲ್ಲ. ಅವಳ ಮೈ ನನಗೆ ಮೂರು ತಿಂಗಳ ಮೊದಲೇ ಹೇಳಿತ್ತು. ನಾನು ಅದನ್ನು ಓದಲಿಲ್ಲ.

ನಾವು ಅವಳನ್ನು ಕೂರಿಸಿದ ಬಗೆ

ಪ್ಲಾಸ್ಟರ್ ಆರು ವಾರ ಇತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಇನ್ನು ಸುಮ್ನೆ ಕೂತುಕೊಳ್ಳಿ ಅಕ್ಕ, ಮಾಡಿದ್ದು ಸಾಕು." ನಮಗೂ ಅದೇ ಸರಿ ಅನಿಸಿತು. ಹಟ್ಟಿಗೆ ಹೋಗುವುದು ಬೇಡ ಎಂದೆವು. ಅಡಿಕೆ ಹೆಕ್ಕುವುದು ಬೇಡ. ನೆಲದಲ್ಲಿ ಕೂತು ಮೆಟ್ಟುಕತ್ತಿಯಲ್ಲಿ ಹೆಚ್ಚುವುದು ಬೇಡ, ಏಳುವಾಗ ಬಿದ್ದರೆ? ಬಾವಿಕಟ್ಟೆ ಬೇಡ. ಅಂಗಳ ಗುಡಿಸುವುದು ಬೇಡ. ಕೈ ಮುರಿದದ್ದು ಒಂದು, ನಾವು ನಿಲ್ಲಿಸಿದ್ದು ಹತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಯಾವುದನ್ನೂ ಹಿಂದೆ ಕೊಡಲಿಲ್ಲ. ಅಣ್ಣ ಮಂಗಳೂರಿನಿಂದ ಒಂದು ಆರಾಮ ಕುರ್ಚಿ ತಂದ. ಜಗಲಿಯಲ್ಲಿ, ಗಾಳಿ ಬರುವ ಕಡೆ ಇಟ್ಟೆವು. ಅಮ್ಮ ಎದ್ದರೆ ಯಾರಾದರೂ ಓಡಿ ಬಂದು "ಎಂತ ಬೇಕು, ನಾನು ತರ್ತೇನೆ" ಎನ್ನುತ್ತಿದ್ದರು. ಹೆಚ್ಚಿನ ಸಲ ಆ ಓಡಿ ಬರುವವಳು ನಾನೇ. ಅಮ್ಮ ಒಮ್ಮೆ ಕೇಳಿದ್ದಳು, "ನನಗೆ ಎಂತ ಆಗಿದೆ ಅಂತ ನೀವೆಲ್ಲ ಹೀಗೆ ಮಾಡುವುದು?" ನಾವು ನಕ್ಕು ಸುಮ್ಮನಾದೆವು.

ಆ ವರ್ಷದ ಕೊನೆಗೆ ದೇವಸ್ಥಾನದಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಪದ್ಯ ಮಾತುಗಳಲ್ಲೇ ನಡೆಸುವ ಯಕ್ಷಗಾನ, ಇತ್ತು. ಅಮ್ಮನಿಗೆ ತಾಳಮದ್ದಳೆ ಎಂದರೆ ಪ್ರಾಣ. ಅರ್ಧದಷ್ಟು ಪದ್ಯ ಅವಳಿಗೆ ಬಾಯಿಗೆ ಬರುತ್ತದೆ. ಪಾತ್ರದ ಮಾತು ಹೇಳುವ ಅರ್ಥಧಾರಿ ಹಳೆಯ ಮಾತನ್ನೇ ಹೇಳಿದನೋ ಹೊಸದು ಕಟ್ಟಿದನೋ ಎಂದು ಆಗಿಂದಾಗಲೇ ಗೊತ್ತಾಗುತ್ತದೆ. ಆ ದಿನ ನಾನು ಅವಳ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಒಂದು ಒಳ್ಳೆಯ ಮಾತಿಗೆ ಸಭೆ ಇಡೀ ನಕ್ಕಿತು. ಅಮ್ಮ ನಗಲಿಲ್ಲ. ಉಳಿದವರನ್ನು ನೋಡಿದಳು, ಆಮೇಲೆ ನಕ್ಕಳು. ಎರಡು ಸಲ ಹೀಗಾಯಿತು. ಕೊನೆಗೆ ಭಾಗವತರು ಮಂಗಳ ಎತ್ತಿದರು. ಎಲ್ಲರೂ ಎದ್ದು ನಿಂತರು. ಅಮ್ಮ ಕುರ್ಚಿಯ ಅಂಚಿಗೆ ಜರುಗಿದಳು, ಮುಂದೆ ಬಾಗಿದಳು, ಎದ್ದಳು ಅನ್ನುವಷ್ಟರಲ್ಲಿ ಹಿಂದಕ್ಕೆ ಕೂತಳು. ಇನ್ನೊಮ್ಮೆ ನೋಡಿದಳು. ಆಗಲಿಲ್ಲ. ಆ ಕುರ್ಚಿಗೆ ಕೈ ಇರಲಿಲ್ಲ. ಮೂರನೇ ಸಲ ನನ್ನ ಕಡೆ ನೋಡದೆ, ತೀರಾ ಸಣ್ಣ ದನಿಯಲ್ಲಿ "ಕೈ ಕೊಡು" ಎಂದಳು. ಐವತ್ತು ವರ್ಷ ತಲೆಯ ಮೇಲೆ ಸೊಪ್ಪಿನ ಕಟ್ಟು ಹೊತ್ತ ಹೆಂಗಸು. ಮಂಗಳ ಮುಗಿಯುವವರೆಗೆ ಅವಳು ನನ್ನ ತೋಳು ಬಿಡಲಿಲ್ಲ.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಸೊಂಟದ ಎಲುಬು ಮುರಿದುಕೊಂಡವರು. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಬಂದ ಮೇಲೆ ಮಲಗಿಸಿದರು, ತುಂಬಾ ಪ್ರೀತಿಯಿಂದ ನೋಡಿಕೊಂಡರು. ಆ ಹಾಸಿಗೆಯಿಂದ ಅವರು ಏಳಲಿಲ್ಲ. ದೇವಸ್ಥಾನದಿಂದ ಹಿಂದೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಆಮೇಲೆ ತಿಳಿದ ಒಂದು ಲೆಕ್ಕ ಇಲ್ಲಿ ಹೇಳುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಸುಮಾರು 67ರ ಪ್ರಾಯದ ಹನ್ನೆರಡು ಮಂದಿ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಕಾಯಿಲೆ ಇಲ್ಲ, ನೋವಿಲ್ಲ, ಬರೀ ಮಲಗಿರುವುದು. ಹತ್ತು ದಿನದಲ್ಲಿ ಕಾಲುಗಳ ಮಾಂಸದಲ್ಲೇ ಹತ್ತಿರ ಹತ್ತಿರ ಒಂದು ಕಿಲೋ ಹೋಗಿತ್ತು. ನಾವು ಅಮ್ಮನನ್ನು ಹತ್ತು ದಿನ ಅಲ್ಲ, ಐದು ತಿಂಗಳು ಕೂರಿಸಿದ್ದೆವು.

ಒನ್ನ್, ರಂಡ್, ಮೂನ್ನ್

ಫಿಸಿಯೋಥೆರಪಿ ಎಂದರೆ ಕರೆಂಟ್ ಶಾಕ್, ಬಿಸಿ ಶಾಖ ಎಂದೇ ನಾನು ತಿಳಿದಿದ್ದೆ. ಮೊದಲು ಹೋದ ಒಂದು ಕಡೆ ಹಾಗೇ ಇತ್ತು. ಹತ್ತು ದಿನ ಶಾಖ ಕೊಟ್ಟರು, ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿ ವ್ಯಾಯಾಮದ ಚಿತ್ರಗಳು, ವಿವರ ಎಲ್ಲ ಮಲಯಾಳದಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕನ್ನಡದಲ್ಲಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಮ್ಮ ಹಾಗೆ ಕೇರಳದ ಗಡಿಯಲ್ಲಿ ಇರುವ ಕನ್ನಡದವರಿಗೆ ಇದು ಹೊಸದಲ್ಲ, ಆದರೆ ಮೈಯ ವಿಷಯದಲ್ಲಿ ಇದು ನೋಯಿಸುತ್ತದೆ. ಯಾವ ಕಾಲು ಎತ್ತಬೇಕು, ಎಲ್ಲಿ ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವರವರ ಭಾಷೆಯಲ್ಲಿ ಇರಲೇಬೇಕು.

ಆಮೇಲೆ ಸಿಕ್ಕಿದವಳು ಮನೆಗೇ ಬರುವ ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋ. ಮಾತು ಮಲಯಾಳ, ನಡುನಡುವೆ ನಾಲ್ಕು ಕನ್ನಡ. ಬಂದವಳೇ ಶಾಖದ ಮಾತು ಎತ್ತಲಿಲ್ಲ. ಆರಾಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಸಿ ಇಟ್ಟಳು. "ಪಿಡಿಕ್ಕಾದೆ ಎಣೀಕ್ಕಾನ್ ಪಟ್ಟುಮೋ ಅಮ್ಮೇ?" ಎಂದಳು. ಹಿಡಿಯದೆ ಏಳಲು ಆಗುತ್ತದಾ ಎಂದು. ಎರಡು ಕೈಯನ್ನೂ ಎದೆಯ ಮೇಲೆ ಅಡ್ಡ ಇಡಬೇಕು, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. ಅಮ್ಮನ ಪ್ರಾಯದ, ಅಂದರೆ 75ರಿಂದ 79ರ ಒಳಗಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ಅಮ್ಮನಿಗೆ ಬಂದದ್ದು ಸೊನ್ನೆ. ಫಿಸಿಯೋ ಮುಖ ಸಣ್ಣ ಮಾಡಲಿಲ್ಲ. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದಳು. ಆಗ ಅಮ್ಮ ಎದ್ದಳು. "ಒನ್ನ್" ಎಂದಳು ಅವಳು.

ಅವಳು ಮಾಡಿಸುತ್ತಿದ್ದದ್ದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಕ್ರಮ. 80 ದಾಟಿದ ಹೆಂಗಸರನ್ನು ಇಟ್ಟುಕೊಂಡು ಮೊದಲು ಪರೀಕ್ಷೆ ಮಾಡಿದ್ದು. ಜಿಮ್ ಬೇಡ, ಯಂತ್ರ ಬೇಡ. ಕಣಕಾಲಿಗೆ ಭಾರ ಕಟ್ಟಿ ಮಂಡಿ ನೀಡುವುದು, ಕಾಲು ಬದಿಗೆ ಎತ್ತುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಒಂದರ ಮುಂದೆ ಒಂದು ಪಾದ ಇಟ್ಟು ಗೆರೆ ಹಿಡಿದು ನಡೆಯುವುದು, ಹಿಂದಕ್ಕೆ ನಡೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಅದರ ಜೊತೆ ವಾರಕ್ಕೆ ಎರಡು ದಿನ ನಡಿಗೆ. ಈ ಕ್ರಮ ಕೊಟ್ಟವರಲ್ಲಿ ಬೀಳುವುದು ಸುಮಾರು ಶೇಕಡ 35ರಷ್ಟು ಇಳಿಯಿತು ಎಂದು ನಾಲ್ಕು ಪರೀಕ್ಷೆಗಳನ್ನು ಒಟ್ಟು ಮಾಡಿ ಕಂಡುಕೊಂಡರು. ಕಣಕಾಲಿಗೆ ಕಟ್ಟುವ ಭಾರ ಇಲ್ಲಿ ಸಿಗಲಿಲ್ಲ. ಅತ್ತಿಗೆ ಹಳೆ ಪಂಚೆಯಲ್ಲಿ ಚೀಲ ಹೊಲಿದಳು. ನಾನು ತೋಡಿನ ಹೊಯಿಗೆ, ಅಂದರೆ ಮರಳು, ಒಣಗಿಸಿ ಅಂಗಡಿಯ ತಕ್ಕಡಿಯಲ್ಲಿ ಅರ್ಧ ಅರ್ಧ ಕಿಲೋ ತೂಗಿ ತುಂಬಿಸಿದೆ. ವ್ಯಾಯಾಮದ ಹೆಸರುಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆವು. ಮಾಡಿದ ದಿನ ಅಮ್ಮ ತಾರೀಕಿಗೆ ಸುತ್ತು ಹಾಕುತ್ತಿದ್ದಳು.

ಮೊದಲ ಎರಡು ವಾರ ಅವಳಿಗೆ ಸಿಟ್ಟು. ತೊಡೆ ನೋಯುತ್ತದೆ ಎಂದಳು. ನಮಗೆ ಹೆದರಿಕೆಯಾಗಿ ನಿಲ್ಲಿಸೋಣವೇ ಎಂದು ಕೇಳಿದೆವು. ಗಂಟು ನೋಯುತ್ತದೋ ಮಾಂಸ ನೋಯುತ್ತದೋ ಎಂದು ಫಿಸಿಯೋ ಮೊದಲು ಕೇಳಿದಳು. ಎದೆ ನೋವು, ತಲೆ ತಿರುಗುವುದು, ಗಂಟಿನಲ್ಲಿ ಚುಚ್ಚಿದ ಹಾಗಾಗುವುದು ಇದ್ದರೆ ಆ ಕೂಡಲೇ ನಿಲ್ಲಿಸಬೇಕು. ದುಡಿದ ಮಾಂಸದ ನೋವು ಎರಡು ದಿನದಲ್ಲಿ ಹೋಗುತ್ತದೆ. ಹಾಗೇ ಆಯಿತು. ನಡುವೆ ಡಾಕ್ಟರರ ಹತ್ತಿರ ಹೋಗಿ ಬಿಪಿ ಮಾತ್ರೆಯನ್ನೂ ಕಣ್ಣನ್ನೂ ನೋಡಿಸಿದೆವು. ಒಂದು ಮಾತ್ರೆ ಕಡಿಮೆ ಮಾಡಿದರು, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು ನಿಂತಿತು. ಊಟದ ಬಗ್ಗೆಯೂ ಮಾತು ಬಂತು. ಬೆಳಗ್ಗೆ ಗಂಜಿ, ರಾತ್ರಿ ಗಂಜಿ, ಜೊತೆಗೆ ಉಪ್ಪಿನಕಾಯಿ ಎಂದರೆ ಮಾಂಸ ಎಲ್ಲಿಂದ ಬೆಳೆಯಬೇಕು? ಈ ವಯಸ್ಸಿನಲ್ಲಿ ಮೈತೂಕದ ಒಂದೊಂದು ಕಿಲೋಗೂ ದಿನಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಇಲ್ಲದ ಹಾಗೆ ಪ್ರೋಟೀನ್ ಬೇಕು. ಗಂಜಿಗೆ ಹೆಸರುಕಾಳು ಪಲ್ಯ ಸೇರಿತು, ಮಧ್ಯಾಹ್ನಕ್ಕೆ ಗಟ್ಟಿ ಮೊಸರು.

ಕೆಲಸ ಮಾಡಿದ ಮೈಗೆ ವ್ಯಾಯಾಮ ಯಾಕೆ?

ಈ ಪ್ರಶ್ನೆ ಕೇಳದವರಿಲ್ಲ. ಪಕ್ಕದ ಮನೆಯ ಮಾವ ಜಗಲಿಯಲ್ಲಿ ಕೂತು ಹೇಳಿದರು, "ಇದೆಲ್ಲ ಪೇಟೆಯವರಿಗೆ ಮಾರಾಯ್ತಿ. ನಮ್ಮದು ತೋಟದ ಮೈ. ಇವಳು ಮಾಡಿದಷ್ಟು ಕೆಲಸ ಯಾರು ಮಾಡ್ತಾರೆ?" ಅವರ ಮಾತಿನಲ್ಲಿ ಹುರುಳಿತ್ತು. ನಾನು ಅದನ್ನು ತುಂಬಾ ದಿನ ಯೋಚಿಸಿದೆ.

ಅಮ್ಮ ಈ ಮನೆಗೆ ಬಂದಾಗ ಮನೆಯಲ್ಲಿ ಕುರ್ಚಿ ಇದ್ದದ್ದು ಬಂದವರಿಗೆ. ಊಟ ನೆಲದಲ್ಲಿ, ಅಡುಗೆ ನೆಲದಲ್ಲಿ, ಕಡೆಯುವ ಕಲ್ಲು ನೆಲದಲ್ಲಿ. ದಿನಕ್ಕೆ ಎಷ್ಟು ಸಲ ಕೂತು ಎದ್ದಿರಬೇಕು, ಲೆಕ್ಕ ಉಂಟಾ? ಅಡಿಕೆ ಹೆಕ್ಕುವುದೆಂದರೆ ಬೆಳಗ್ಗೆ ಪೂರ್ತಿ ಬಗ್ಗಿ ಏಳುವುದು. ತೋಡಿನ ಸಂಕ ದಾಟುವುದೆಂದರೆ ಗೆರೆ ಹಿಡಿದು ನಡೆಯುವುದೇ, ಅದೂ ತಲೆಯಲ್ಲಿ ಕಟ್ಟು ಇಟ್ಟುಕೊಂಡು. ಒಟಾಗೊದ ಪಟ್ಟಿಯಲ್ಲಿ ಇರುವುದೆಲ್ಲ ಅವಳ ದಿನದಲ್ಲಿ ಇತ್ತು. ಆಮೇಲೆ ಒಂದೊಂದಾಗಿ ಹೋಯಿತು. ಪಂಪು ಬಂತು, ಗ್ರೈಂಡರ್ ಬಂತು, ಗ್ಯಾಸ್ ಒಲೆಗೆ ಕಟ್ಟೆ ಬಂತು, ಊಟಕ್ಕೆ ಮೇಜು ಬಂತು, ಬಚ್ಚಲಿನ ಪಕ್ಕ ಕುರ್ಚಿಯಂಥ ಕಮೋಡ್ ಬಂತು. ಒಂದೊಂದೂ ಅವಳ ಕಷ್ಟ ಇಳಿಸಿದೆ. ಇದರಲ್ಲಿ ಒಂದನ್ನೂ ಹಿಂದಕ್ಕೆ ಕಳಿಸಬೇಕು ಎಂದು ನಾನು ಹೇಳುವುದಿಲ್ಲ. ಕಡೆಯುವ ಕಲ್ಲಿನ ಮುಂದೆ ಅವಳು ಬೆನ್ನು ಹಿಡಿದುಕೊಂಡು ಕೂತದ್ದನ್ನು ನಾನು ನೋಡಿದ್ದೇನೆ. ಆದರೆ ಬಿದ್ದ ದಿನಕ್ಕೆ ಅವಳಲ್ಲಿ ಉಳಿದಿದ್ದದ್ದು ಹಟ್ಟಿ, ಅಂಗಳ, ತೋಟದ ದಾರಿ ಇಷ್ಟೇ. ನಾವು ಅದನ್ನೂ ತೆಗೆದೆವು.

ಇನ್ನೊಂದು ವಿಷಯ ನನಗೆ ಹೊಯಿಗೆ ಚೀಲ ತುಂಬಿಸುವಾಗ ಅರ್ಥವಾಯಿತು. ಮನೆಕೆಲಸ ಮೈಯ ಸೋತ ಭಾಗವನ್ನು ಹುಡುಕಿ ಹೋಗುವುದಿಲ್ಲ. ತೊಡೆ ಸೋತಿದ್ದರೆ ನಾವು ಕೈ ಊರಿ ಏಳುತ್ತೇವೆ, ಕೆಲಸ ಆಗುತ್ತದೆ, ತೊಡೆ ಇನ್ನಷ್ಟು ಸೋಲುತ್ತದೆ. ವ್ಯಾಯಾಮದ ಕ್ರಮ ಆ ಸೋತ ಜಾಗಕ್ಕೇ ಹೋಗಿ ಭಾರ ಇಡುತ್ತದೆ. ಮೈ ಗಟ್ಟಿಯಾದ ಹಾಗೆ ಭಾರ ಏರಿಸುತ್ತದೆ. ದಿಂಬು ಎರಡರಿಂದ ಒಂದಕ್ಕೆ ಇಳಿಯಿತು, ಚೀಲ ಅರ್ಧ ಕಿಲೋದಿಂದ ಒಂದು ಕಿಲೋಗೆ ಏರಿತು. ಹಿಡಿಯುವ ಕೈ ಎರಡರಿಂದ ಒಂದಾಯಿತು, ಆಮೇಲೆ ಒಂದು ಬೆರಳು. ಈ ಏರಿಕೆ ಇಲ್ಲದೆ ಸುಮ್ಮನೆ ಕೈಕಾಲು ಆಡಿಸಿದರೆ ಬಲ ಬರುವುದಿಲ್ಲ. ವಾಕಿಂಗ್ ಒಂದೇ ಸಾಕು ಅಂದುಕೊಂಡವರಿಗೂ ಇದನ್ನೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ ಉಂಟು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲ ಮತ್ತು ಬಲ ಸೇರಿದ ಚಟುವಟಿಕೆ ಬೇಕು ಎಂದೂ ಉಂಟು. ನಮ್ಮಲ್ಲಿ ಮೊದಲನೆಯದು ಮಾತ್ರ ಎಲ್ಲರ ಬಾಯಲ್ಲಿ ಇದೆ.

ಇಷ್ಟು ವಯಸ್ಸಿನಲ್ಲಿ ಬಲ ಬರುತ್ತದಾ ಎಂದು ಮಾವ ಕೇಳಿದರು. ಬಾಸ್ಟನ್ನಿನಲ್ಲಿ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಎತ್ತಿಸಿದ್ದರು. 1990ರಲ್ಲಿ ಅದರ ವರದಿ ಬಂತು. ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿತ್ತು. ಇಬ್ಬರು ಊರುಗೋಲು ಬಿಟ್ಟರು. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ತಮ್ಮ ಊರುಗೋಲನ್ನೇ ನೋಡುತ್ತಾ ಕೂತರು.

ನೆನಪಿನ ಮಾತು

ತಾಳಮದ್ದಳೆಯಲ್ಲಿ ತಡವಾಗಿ ಬಂದ ಆ ನಗು ನನ್ನನ್ನು ಕೈ ಮುರಿದದ್ದಕ್ಕಿಂತ ಹೆಚ್ಚು ಹೆದರಿಸಿತ್ತು. ಕುರ್ಚಿಯಲ್ಲಿ ಕೂತ ಐದು ತಿಂಗಳಲ್ಲಿ ಅಮ್ಮ ಕೇಳಿದ್ದನ್ನೇ ಕೇಳುತ್ತಿದ್ದಳು. ವಾರ ಯಾವುದೆಂದು ತಪ್ಪುತ್ತಿತ್ತು. ಅಮ್ಮನ ಮೈಗೆ ಮಾಡುವ ವ್ಯಾಯಾಮ ಅವಳ ಮನಸ್ಸಿಗೂ ಮುಟ್ಟುತ್ತದಾ ಎಂದು ನಾನು ಹುಡುಕಿ ಓದಿದೆ. ಸಿಕ್ಕಿದ್ದು ಒಂದೇ ಬಗೆಯ ಉತ್ತರ ಅಲ್ಲ. 2011ರಲ್ಲಿ ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ಒಂದು ವರ್ಷದ ಪರೀಕ್ಷೆ ಆಯಿತು. ಚುರುಕಾಗಿ ನಡೆದವರ ಮೆದುಳಿನಲ್ಲಿ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಶೇಕಡ 2ರಷ್ಟು ಬೆಳೆದಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಓದಿ ಖುಷಿಯಾಯಿತು. ಆದರೆ ಲೈಫ್ ಎಂಬ ದೊಡ್ಡ ಅಧ್ಯಯನದಲ್ಲಿ 70ರಿಂದ 89 ಪ್ರಾಯದ 1,635 ಮಂದಿ ಇದ್ದರು. ವ್ಯಾಯಾಮ ಮಾಡಿದವರಿಗೆ ನಡೆಯುವ ಶಕ್ತಿ ಹೆಚ್ಚು ಕಾಲ ಉಳಿಯಿತು. ನೆನಪು, ಯೋಚನೆಯ ಪರೀಕ್ಷೆಗಳಲ್ಲಿ ಎರಡು ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನವರು 1,260 ಮಂದಿಗೆ ವ್ಯಾಯಾಮದ ಜೊತೆ ಊಟ, ಮೆದುಳಿಗೆ ಕೆಲಸ, ಬಿಪಿ ಸಕ್ಕರೆಗಳ ನಿಗಾ ಎಲ್ಲವನ್ನೂ ಸೇರಿಸಿ ಎರಡು ವರ್ಷ ನಡೆಸಿದರು. 2015ರಲ್ಲಿ ಬಂದ ಆ ಫಲ ಒಳ್ಳೆಯದಿತ್ತು. ಅಂದರೆ ಒಂದೇ ಮದ್ದು ಅಂತ ಇಲ್ಲ. ಎಲ್ಲ ಕೂಡಬೇಕು.

ನಮ್ಮ ಮನೆಯಲ್ಲಿ ಎಲ್ಲ ಕೂಡಿದ್ದು ತನ್ನಷ್ಟಕ್ಕೆ. ಫಿಸಿಯೋ ಮೂರನೇ ತಿಂಗಳಲ್ಲಿ ಒಂದು ಹೊಸ ಕೆಲಸ ಕೊಟ್ಟಳು. ಅಂಗಳದಲ್ಲಿ ನಡೆಯುತ್ತಾ ಐವತ್ತರಿಂದ ಹಿಂದಕ್ಕೆ ಎಣಿಸಬೇಕು. ನಡೆಯುತ್ತಾ ಯೋಚಿಸುವ ಅಭ್ಯಾಸ ಅದು, ಅಮ್ಮ ಕಳೆದುಕೊಂಡದ್ದೇ. ಅವಳು "ಅಂಬದ್" ಎಂದು ಶುರು ಮಾಡಿಕೊಟ್ಟಳು. ಅಮ್ಮ "ಐವತ್ತು, ನಲವತ್ತೊಂಬತ್ತು" ಎಂದು ಮುಂದುವರಿಸಿದಳು. ನಲವತ್ತೇಳಕ್ಕೆ ಕಾಲು ನಿಂತಿತು. ಮತ್ತೆ ಮೊದಲಿನಿಂದ. ನಾಲ್ಕೈದು ದಿನ ಹೀಗೆ ಕಷ್ಟಪಟ್ಟಳು. ಆರನೇ ದಿನ ನಾನು ಒಳಗೆ ಇದ್ದೆ. ಅಂಗಳದಿಂದ ಬೇರೆ ದನಿ ಕೇಳಿತು. ಅಮ್ಮ ಲೆಕ್ಕ ಬಿಟ್ಟು ಪ್ರಸಂಗದ ಪದ್ಯ ಹೇಳುತ್ತಿದ್ದಳು. ಹೆಜ್ಜೆ ತಾಳಕ್ಕೆ ಬೀಳುತ್ತಿತ್ತು. ಫಿಸಿಯೋಗೆ ಪದ್ಯ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಪಾದ ನೋಡುತ್ತಾ ತಲೆ ಅಲ್ಲಾಡಿಸಿದಳು. "ಇದ್ ಮದಿ ಅಮ್ಮೇ, ಇದ್ ಮದಿ." ಇದೇ ಸಾಕು ಎಂದಳು. ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ಅಧ್ಯಯನ 2003ರಲ್ಲಿ ಬಂದಿತ್ತು. ಮೈ ದಣಿಸುವ ಹವ್ಯಾಸಗಳಲ್ಲಿ ಮರೆವಿನ ಕಾಯಿಲೆ ಕಡಿಮೆ ಇದ್ದದ್ದು ಕುಣಿತದ ಅಭ್ಯಾಸ ಇದ್ದವರಲ್ಲಿ ಮಾತ್ರ. ಕುಣಿತವೇ ಕಾಯಿಲೆ ತಡೆಯಿತು ಎಂದು ಅದರಿಂದ ಹೇಳಲಾಗದು. ಮರೆವು ಶುರುವಾಗುವವರು ಮೊದಲೇ ಕುಣಿತ ಬಿಟ್ಟಿರಲೂಬಹುದು. ಆದರೂ ತಾಳ, ಹೆಜ್ಜೆ, ನೆನಪು ಮೂರೂ ಒಟ್ಟಿಗೆ ಇರುವ ಯಕ್ಷಗಾನ ಎಂಬ ಕಲೆ ಕುಂಬಳೆ ಸೀಮೆಯ ನಮ್ಮ ಮನೆ ಬಾಗಿಲಲ್ಲೇ ಬೆಳೆದಿದೆ ಅಲ್ವಾ? ಅದನ್ನು ಹಿರಿಯರ ಕಾಲಿಗೂ ಬಳಸಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ.

2011ರ ಜನಗಣತಿಯ ಪ್ರಕಾರ ಕೇರಳದಲ್ಲಿ ನೂರಕ್ಕೆ 12.6 ಮಂದಿ 60 ದಾಟಿದವರು. ದೇಶದಲ್ಲೇ ಹೆಚ್ಚು. ಹಿರಿಯರು ಹಗಲು ಕಳೆಯಲು 'ಪಗಲ್ ವೀಡ್' ಎಂಬ ಮನೆಗಳೂ ಈ ರಾಜ್ಯದಲ್ಲಿ ಇವೆ. ನಮ್ಮ ಊರೂರಿನಲ್ಲಿ ಭಜನಾ ಮಂದಿರ ಉಂಟು, ಅದರಲ್ಲಿ ಗಟ್ಟಿ ಕುರ್ಚಿ ಉಂಟು, ಗೋಡೆ ಉಂಟು. ವಾರಕ್ಕೆ ಮೂರು ಸಂಜೆ ಅರ್ಧ ಗಂಟೆ, ಕಲಿತವರೊಬ್ಬರು ಬಂದು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿಕೊಟ್ಟರೆ ಎಷ್ಟು ಮನೆಯ ಅಮ್ಮಂದಿರು ಬೀಳದೆ ಉಳಿಯುತ್ತಾರೆ! ನಾನು ಮಂದಿರದವರ ಹತ್ತಿರ ಮಾತಾಡಿದ್ದೇನೆ. ಮೂವರು ಬರುತ್ತೇವೆ ಎಂದಿದ್ದಾರೆ. ಪಕ್ಕದ ಮನೆಯ ಮಾವ ಅವರಲ್ಲಿ ಒಬ್ಬರು.

ಅಮ್ಮ ಈಗಲೂ ಒಮ್ಮೊಮ್ಮೆ ವಾರ ತಪ್ಪುತ್ತಾಳೆ. ಹಟ್ಟಿಗೆ ಹೋಗುತ್ತಾಳೆ, ಅಂಗಳ ಗುಡಿಸುತ್ತಾಳೆ. ಸಂಕಕ್ಕೆ ಅಣ್ಣ ಬಿದಿರಿನ ಕೈಗಂಬಿ ಕಟ್ಟಿದ್ದಾನೆ. ಹೋದ ವಾರ ಫಿಸಿಯೋ ಬಂದು ಮತ್ತೆ ಕುರ್ಚಿಯ ಲೆಕ್ಕ ತೆಗೆದಳು. ದಿಂಬು ಇಲ್ಲ, ಕೈ ಎದೆಯ ಮೇಲೆ. ಏಳು, ಎಂಟು, ಒಂಬತ್ತು. ಅರ್ಧ ನಿಮಿಷದ ಗಂಟೆ ಹೊಡೆಯಿತು. ಒಂದು ಕಡಿಮೆ. "ಸಾರಮಿಲ್ಲ", ಪರವಾಗಿಲ್ಲ, ಎಂದಳು ಅವಳು. ಅಮ್ಮ ಉಸಿರು ಬಿಡುತ್ತಾ ಹೊರಗಿನ ಮೆಟ್ಟಿಲ ಕಡೆ ನೋಡಿದಳು. "ಮಳೆ ಹಿಡಿಯುವ ಮೊದಲು ಹತ್ತು ಮಾಡ್ತೇನೆ" ಎಂದಳು. ನಾನು ಪಾಚಿ ಕೆರೆಯಲು ಸುಣ್ಣವನ್ನೂ ತಂತಿಯ ಬ್ರಷನ್ನೂ ತಂದಿಟ್ಟಿದ್ದೇನೆ.